ಹಾಲಿನ ಡೈರಿಯಲ್ಲೇ ಬಿಪಿ ನೋಡಿದರೇನು?

ನಮ್ಮ ಕಡೆ ಹಸುವಿನ ಆರೋಗ್ಯ ನೋಡಲು ಇರುವ ಏರ್ಪಾಡು, ಆ ಹಸುವನ್ನು ಸಾಕುವವರ ಆರೋಗ್ಯ ನೋಡಲು ಇಲ್ಲ. ಹೀಗೆಂದರೆ ಕೆಲವರು ನಗುತ್ತಾರೆ. ಒಂದೊಂದಾಗಿ ಲೆಕ್ಕ ಹಾಕಿ ನೋಡೋಣ.

ಮದ್ದೂರು, ಮಳವಳ್ಳಿ, ಮಂಡ್ಯ ತಾಲೂಕುಗಳ ಯಾವ ಕೊಟ್ಟಿಗೆಗೆ ಹೋದರೂ ಹಸುವಿನ ಕಿವಿಯಲ್ಲಿ ಹಳದಿ ಬಿಲ್ಲೆ ಕಾಣುತ್ತದೆ. ಅದರಲ್ಲಿ 12 ಅಂಕೆಯ ನಂಬರು. ಆ ನಂಬರು ಒತ್ತಿದರೆ ಹಸು ಯಾವಾಗ ಈದಿತು, ಯಾವಾಗ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ್ದು ಎಲ್ಲ ತಿಳಿಯುವ ವ್ಯವಸ್ಥೆ ಆಗಿದೆ. ಲಸಿಕೆ ಹಾಕುವವರು ಮನೆ ಬಾಗಿಲಿಗೆ ಬರುತ್ತಾರೆ. ಗರ್ಭಧಾರಣೆಗೆ ಫೋನು ಮಾಡಿದರೆ ಬೈಕಿನಲ್ಲಿ ಬರುತ್ತಾರೆ. ದಿನಕ್ಕೆ ಎರಡು ಹೊತ್ತು ಡೈರಿಯಲ್ಲಿ ಹಾಲಿನ ಪರೀಕ್ಷೆ. ಬೆಳಗ್ಗೆ ಫ್ಯಾಟು ಸ್ವಲ್ಪ ಇಳಿದರೆ ಸಂಜೆಯೊಳಗೆ 'ಹಸಕ್ಕೆ ಏನಾಯ್ತು, ಮೇವು ಬದಲಾಯ್ತಾ, ಕೆಚ್ಚಲು ಬಾವಾ' ಅಂತ ನಾವೇ ಚಿಂತೆಗೆ ಬೀಳುತ್ತೇವೆ.

ಈಗ ಅದೇ ಸರದಿಯಲ್ಲಿ ಕ್ಯಾನು ಹಿಡಿದು ನಿಂತವರನ್ನು ಕೇಳಿ: 'ನಿಮ್ಮ ಬಿಪಿ ಕೊನೆಗೆ ನೋಡಿಸಿದ್ದು ಯಾವಾಗ?' ಹೆಂಗಸರು ಹೆಚ್ಚಾಗಿ ಕಡೇ ಹೆರಿಗೆ ಕಾಲದ ಮಾತು ಹೇಳುತ್ತಾರೆ. ಗಂಡಸರಿಗೆ ನೆನಪೇ ಇರುವುದಿಲ್ಲ. ನನ್ನ ಪಕ್ಕದ ಹೊಲದವರೊಬ್ಬರು ಹೇಳಿದ ಮಾತು ಇದು: "ಹಸಾ ಮಲಗಿದ್ರೆ ಡೈರಿಗೆ ಹಾಲಿಲ್ಲ ಕಣಣ್ಣ. ನಾನ್ ಮಲಗಿದ್ರೆ ಹೆಂಗೋ ನಡೀತದೆ."

ಹೆಂಗೋ ನಡೆಯುವುದಿಲ್ಲ. ಅವರಿಗೆ ಐವತ್ತು ದಾಟಿದ ಮೇಲೆ ಒಂದು ದಿನ ಕಬ್ಬಿಗೆ ನೀರು ತಿರುವುತ್ತಿದ್ದಾಗಲೇ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋಯಿತು. ಆಸ್ಪತ್ರೆಯಲ್ಲಿ ನೋಡಿದಾಗ ಬಿಪಿ ವಿಪರೀತ ಇತ್ತು. ಎಷ್ಟು ವರ್ಷದಿಂದ ಇತ್ತೋ ಯಾರಿಗೂ ತಿಳಿಯದು. ಮೊದಲು ಎರಡು ಹಸು ಹೋದವು, ಆಮೇಲೆ ಹತ್ತು ಗುಂಟೆ ಗದ್ದೆ ಹೋಯಿತು. ಇಂಥ ಕತೆ ಪ್ರತಿ ಹಳ್ಳಿಯಲ್ಲೂ ಒಂದೆರಡು ಇವೆ. ಓದುಗರು ತಮ್ಮ ಊರಿನದನ್ನು ನೆನಪಿಸಿಕೊಳ್ಳಲಿ.

ನಾನು ಹೇಳಬೇಕೆಂದಿರುವುದು ಇಷ್ಟೆ. ದೊಡ್ಡ ಆಸ್ಪತ್ರೆಗಳು ನಮಗೆ ಬಂದಿವೆ. ಮಂಡ್ಯದಲ್ಲಿ 2006ರಿಂದ ವೈದ್ಯಕೀಯ ಕಾಲೇಜೇ ಇದೆ. 2008ರ ನವೆಂಬರಿನಿಂದ 108 ವಾಹನ ಓಡುತ್ತಿದೆ. ಬಿದ್ದ ಮೇಲೆ ಎತ್ತಿಕೊಂಡು ಹೋಗುವ ಏರ್ಪಾಡು ತಕ್ಕಮಟ್ಟಿಗೆ ಆಗಿದೆ. ಬೀಳದ ಹಾಗೆ ನೋಡಿಕೊಳ್ಳುವ ಏರ್ಪಾಡು ಹಳ್ಳಿಯಲ್ಲಿ ಇಲ್ಲ. ಅದನ್ನು ಮಾಡಲು ಅತ್ಯಂತ ಸೂಕ್ತ ಜಾಗ ನಮ್ಮದೇ ಹಾಲಿನ ಸಂಘ. ಹೊಸ ಕಟ್ಟಡ ಬೇಡ, ಹೊಸ ಸಂಸ್ಥೆ ಬೇಡ. ಜನ ದಿನಾ ಎರಡು ಸಲ ತಾವಾಗಿ ಬಂದು ನಿಲ್ಲುವ ಜಾಗ ಊರಿನಲ್ಲಿ ಅದೊಂದೇ.

ನಾಲೆಯ ಜೊತೆ ಬಂದ ಜ್ವರ

ಇದನ್ನು ಹೊಸ ವಿಚಾರ ಎಂದುಕೊಳ್ಳುವುದು ಬೇಡ. ಹಳ್ಳಿಯ ಆರೋಗ್ಯಕ್ಕೆ ಹಳ್ಳಿಯಲ್ಲೇ ಕೆಲಸ ಮಾಡುವ ಪ್ರಯೋಗ ನಮ್ಮ ಮಂಡ್ಯಕ್ಕೆ ಹಳೆಯದು. ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1929ರಲ್ಲೇ ಮಂಡ್ಯದಲ್ಲಿ ಒಂದು 'ಹೆಲ್ತ್ ಯೂನಿಟ್' ತೆರೆದಿತ್ತು. ಆಗ ಮಂಡ್ಯ ಜಿಲ್ಲೆಯೇ ಆಗಿರಲಿಲ್ಲ. ಜಿಲ್ಲೆಯಾದದ್ದು 1939ರಲ್ಲಿ. ದೇಶಕ್ಕೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು ಎಂದು ಭೋರ್ ಸಮಿತಿ ಹೇಳಿದ್ದು 1946ರಲ್ಲಿ. ಅಂದರೆ ಅದಕ್ಕೂ 17 ವರ್ಷ ಮೊದಲೇ ಇಲ್ಲಿ ಕೆಲಸ ಸುರುವಾಗಿತ್ತು.

1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿ.ಸಿ. ನಾಲೆಯಲ್ಲಿ, ನೀರು ಬಂತು. ಒಣ ರಾಗಿ ಹೊಲ ಭತ್ತದ ಗದ್ದೆಯಾಯಿತು, ಕಬ್ಬಿನ ತೋಟವಾಯಿತು. 1933ರಲ್ಲಿ ಸಕ್ಕರೆ ಕಂಪನಿ ಬಂತು. ನೀರಿನ ಹಿಂದೆಯೇ ಸೊಳ್ಳೆ ಬಂತು, ಸೊಳ್ಳೆಯ ಜೊತೆ ಚಳಿಜ್ವರ. ನಾಟಿ ಹೊತ್ತಿಗೆ ಮನೆಮಂದಿಯೆಲ್ಲ ಕಂಬಳಿ ಹೊದ್ದು ನಡುಗುತ್ತ ಮಲಗುತ್ತಿದ್ದ ಮಾತನ್ನು ಹಿಂದಿನವರು ಹೇಳುತ್ತಿದ್ದರು. ಊರಿನಲ್ಲಿ ಮಲೇರಿಯಾ ಎಷ್ಟಿದೆ ಎಂದು ತಿಳಿಯಲು ಆ ಕಾಲದ ವೈದ್ಯರಿಗಿದ್ದ ದಾರಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಮುಟ್ಟಿ ಜ್ವರಗಡ್ಡೆ ನೋಡುವುದು. ಇಷ್ಟು ಮಕ್ಕಳಲ್ಲಿ ಇಷ್ಟು ಜನಕ್ಕೆ ಗಡ್ಡೆ ಅಂತ ಬರೆದುಕೊಳ್ಳುತ್ತಿದ್ದರು. ಯಂತ್ರವಿಲ್ಲ, ಲ್ಯಾಬಿಲ್ಲ. ಜ್ವರ ಬಂದವರು ಬರಲಿ ಎಂದು ಆಸ್ಪತ್ರೆಯಲ್ಲಿ ಕೂರದೆ, ಊರಿಗೇ ಹೋಗಿ ಎಲ್ಲರನ್ನೂ ನೋಡಿ ಲೆಕ್ಕ ಇಡುವುದು ಅದರ ತಿರುಳು. ಇವತ್ತು ಬಿಪಿ, ಸಕ್ಕರೆ ಕಾಯಿಲೆಗೆ ಬೇಕಾಗಿರುವುದೂ ಅದೇ. ಏಕೆಂದರೆ ಇವೆರಡೂ ಚಳಿಜ್ವರದ ಹಾಗೆ ನಡುಗಿಸಿ ತಿಳಿಸುವುದಿಲ್ಲ. ಒಳಗೇ ಕೂತು ಮೂತ್ರಪಿಂಡ, ಕಣ್ಣು, ನರ ತಿನ್ನುತ್ತವೆ.

ಹುಳ ಸಾಕುವವನ ಕಷ್ಟ ಗೊತ್ತಿದ್ದವರು

ಇನ್ನೊಂದು ಉದಾಹರಣೆ ರೇಷ್ಮೆಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮಳವಳ್ಳಿ, ಮದ್ದೂರು ಕಡೆ ಹುಳ ಮೇಯಿಸುವ ಮನೆಗಳು ಬಹಳ. ಮಲೇರಿಯಾಕ್ಕೆ ಗೋಡೆಗೆ ಡಿಡಿಟಿ ಹೊಡೆಯಲು ಬಂದವರನ್ನು ರೇಷ್ಮೆ ಹಳ್ಳಿಯವರು ಒಳಗೆ ಬಿಡುತ್ತಿರಲಿಲ್ಲ. ಬಿಡುವುದಾದರೂ ಹೇಗೆ? ಸೊಳ್ಳೆ ಸಾಯುವ ಔಷಧಿಗೆ ಹುಳವೂ ಸಾಯುತ್ತದೆ. ಚಂದ್ರಿಕೆ ಖಾಲಿಯಾದರೆ ಆ ಬೆಳೆಯ ದುಡ್ಡೇ ಇಲ್ಲ. 'ಅಜ್ಞಾನಿಗಳು, ಸಹಕರಿಸುವುದಿಲ್ಲ' ಎಂದು ಬರೆದುಕೊಂಡು ಹೋಗುವುದು ಸುಲಭವಿತ್ತು.

ಕೋಲಾರ ಜಿಲ್ಲೆಯ ಕಾಮಸಮುದ್ರದ ಕಡೆ ಮಲೇರಿಯಾ ಸಂಶೋಧಕರು ಹಾಗೆ ಮಾಡಲಿಲ್ಲ. ಔಷಧಿ ಹೊಡೆಯುವುದರ ಬದಲು ಬಾವಿಗಳಿಗೆ ಗಪ್ಪಿ, ಗಾಂಬೂಸಿಯಾ ಮೀನಿನ ಮರಿ ಬಿಟ್ಟರು. ಮೀನು ಸೊಳ್ಳೆಯ ಮರಿಯನ್ನು ತಿಂದಿತು. ಹುಳ ಉಳಿಯಿತು, ಮಲೇರಿಯಾ ಇಳಿಯಿತು. ಮೀನನ್ನು ಬಾವಿಯಲ್ಲಿ ಉಳಿಸಿಕೊಂಡವರು ಊರಿನವರೇ. ಬೇಸಾಯಗಾರನ ಕೆಲಸಕ್ಕೆ ಹೊಂದುವ ಹಾಗೆ ಮಾಡಿದ ಆರೋಗ್ಯದ ಕೆಲಸ ನಿಲ್ಲುತ್ತದೆ. ಅವನ ಕೆಲಸ ಕೆಡಿಸಿ ಮಾಡಿದ್ದು ಕಾಗದದಲ್ಲಿ ಮಾತ್ರ ಉಳಿಯುತ್ತದೆ.

ಈಗಿನ ಪರಿಸ್ಥಿತಿಗೆ ಇದನ್ನು ಹೊಂದಿಸಿ ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವೇಳೆ ಬೆಳಗ್ಗೆ ಒಂಬತ್ತರ ಮೇಲೆ. ಒಂಬತ್ತಕ್ಕೆ ನಾವೆಲ್ಲಿರುತ್ತೇವೆ? ಹೊಲದಲ್ಲಿ. ಮೂರು ನಾಲ್ಕು ಕಿಲೋಮೀಟರು ಹೋಗಿ, ಸರದಿ ನಿಂತು, ಹತ್ತು ದಿನದ ಮಾತ್ರೆ ತರಲು ಅರ್ಧ ದಿನದ ಕೂಲಿ ಹೋಗುತ್ತದೆ. ಮೈಯಲ್ಲಿ ನೋವಿದ್ದರೆ ಹೋಗುತ್ತಾರೆ. ನೋವಿಲ್ಲದ ಬಿಪಿಗೆ ಯಾರು ಹೋಗುತ್ತಾರೆ?

ಮಳ್ಳೂರಿನವರು ಮಾಡಿ ತೋರಿಸಿದ್ದು

ಹಾಲಿನ ಸಂಘಕ್ಕೂ ಆರೋಗ್ಯಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಶಿಡ್ಲಘಟ್ಟ ತಾಲೂಕಿನ ಮಳ್ಳೂರನ್ನು ತೋರಿಸಬೇಕು. ಆಗ ಅದು ಕೋಲಾರ ಜಿಲ್ಲೆ, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆ. 1973ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮತ್ತು ಮಳ್ಳೂರಿನ ಹಾಲು ಸಹಕಾರ ಸಂಘದವರು ಸೇರಿ ಒಂದು ಆರೋಗ್ಯ ಸಹಕಾರ ಕೇಂದ್ರ ಕಟ್ಟಿದರು. ಸಂಘಕ್ಕೆ ಬರುವ ಹಾಲಿನ ಮೇಲೆ ಲೀಟರಿಗೆ ಕೆಲವು ಪೈಸೆ ತೆಗೆದಿಟ್ಟು ಕೇಂದ್ರ ನಡೆಸಿದರು. ವೈದ್ಯರು ಕಾಲೇಜಿನವರು, ದುಡ್ಡು ಊರಿನ ಹಾಲಿನದು. ದುಡ್ಡು ಊರಿನದಾದ್ದರಿಂದ ಕೇಳುವ ಬಾಯಿಯೂ ಊರಿನದಾಯಿತು.

ಇಂಥದೇ ಯೋಚನೆ ಗುಜರಾತಿನ ಖೇಡಾ ಜಿಲ್ಲೆಯಲ್ಲೂ ಬಂತು. ಅಮುಲ್ ಕಟ್ಟಿದ ತ್ರಿಭುವನದಾಸ್ ಪಟೇಲರ ಹೆಸರಿನಲ್ಲಿ 1975ರಲ್ಲಿ ಒಂದು ಪ್ರತಿಷ್ಠಾನ ಹುಟ್ಟಿತು. ಹಾಲಿನ ಸಂಘ ಇರುವ ಹಳ್ಳಿಗಳಲ್ಲಿ ಅದೇ ಊರಿನ ಹೆಂಗಸೊಬ್ಬರನ್ನು ಆರೋಗ್ಯ ಕಾರ್ಯಕರ್ತೆಯಾಗಿ ತಯಾರು ಮಾಡಿದರು. ಸರಕಾರದ ಆಶಾ ಯೋಜನೆ ಬಂದದ್ದು ಇದಾದ ಎಷ್ಟೋ ವರ್ಷದ ಮೇಲೆ, 2005ರಲ್ಲಿ.

ನಮ್ಮ ಜಿಲ್ಲೆಯಲ್ಲಿ ಗೆಜ್ಜಲಗೆರೆಯ ಹಾಲು ಒಕ್ಕೂಟದ ಕೆಳಗೆ ಸಾವಿರಕ್ಕೂ ಹೆಚ್ಚು ಸಂಘಗಳಿವೆ. ಹಳ್ಳಿಗೊಂದು ಎನ್ನಬಹುದು. ಎಲ್ಲ ಹಳ್ಳಿಗೂ ಆಸ್ಪತ್ರೆ ಕಟ್ಟಲು ಯಾವ ಸರಕಾರಕ್ಕೂ ಆಗುವುದಿಲ್ಲ. ಬಯಲುಸೀಮೆಯ ಲೆಕ್ಕದಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ. ಡೈರಿ ಮಾತ್ರ ಹಳ್ಳಿ ಹಳ್ಳಿಗೂ ಆಗಲೇ ಇದೆ. ಅಲ್ಲಿ ಲೆಕ್ಕ ಬರೆಯುವವರಿದ್ದಾರೆ, ಕರೆಂಟಿದೆ, ಕಂಪ್ಯೂಟರಿದೆ, ನೆರಳಿದೆ.

ಕತ್ತರಿಗೆ ದುಡ್ಡು, ಮಾತ್ರೆಗೆ ಇಲ್ಲ

'ಯಶಸ್ವಿನಿ ಇದೆಯಲ್ಲ' ಎನ್ನುವವರಿದ್ದಾರೆ. ಯಶಸ್ವಿನಿ ಒಳ್ಳೆಯ ಯೋಜನೆ, ನಾನೂ ಸದಸ್ಯ. ಅದು 2003ರ ಜೂನಿನಲ್ಲಿ ಜಾರಿಗೆ ಬಂದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಸಹಕಾರಿಗಳು ಸೇರಿದರು. ಸಹಕಾರ ಸಂಘದ ಮೂಲಕ ಹೋದರೆ ರೈತ ದುಡ್ಡು ಕಟ್ಟುತ್ತಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿ ನಿಲ್ಲಿಸಿದರು. ಜನ ಕೇಳಿಕೊಂಡ ಮೇಲೆ 2022ರ ಕೊನೆಗೆ ನೋಂದಣಿ ಮತ್ತೆ ಸುರುವಾಯಿತು. ಹಾಗೆ ಮತ್ತೆ ಬಂದಾಗ ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ.

ಆದರೆ ಯಶಸ್ವಿನಿ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಾಗಿ ಹುಟ್ಟಿದ್ದು. ಹೃದಯ ಕೊಯ್ಯಬೇಕಾದರೆ ದುಡ್ಡು ಸಿಗುತ್ತದೆ. ಹೃದಯ ಕೊಯ್ಯುವ ಸ್ಥಿತಿ ಬರದಂತೆ ಹತ್ತು ವರ್ಷ ನುಂಗಬೇಕಾದ ಮಾತ್ರೆಗೆ ಅದರಲ್ಲಿ ಜಾಗವಿಲ್ಲ. ಬಿಪಿಯ ಸಾಮಾನ್ಯ ಮಾತ್ರೆ ಜನೌಷಧಿ ಅಂಗಡಿಯಲ್ಲಿ ಒಂದಕ್ಕೆ ಒಂದು ರೂಪಾಯಿಯೂ ಆಗುವುದಿಲ್ಲ. ಅದನ್ನು ಬಿಟ್ಟವನು ಕಡೆಗೆ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸಿಗೆ ಮಲಗುತ್ತಾನೆ. 2016ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತವಾಗುತ್ತ ಬಂದಿದೆ, ನಿಜ. ಆದರೆ ವಾರಕ್ಕೆ ಮೂರು ದಿನ ಮಂಡ್ಯಕ್ಕೋ ಮದ್ದೂರಿಗೋ ಓಡಾಡುವವನ ಜೊತೆಗೆ ಇನ್ನೊಬ್ಬರು ಹೋಗಬೇಕು. ಹಸು ಕರೆಯುವವರು ಯಾರು? ಮೇವು ಕೊಯ್ಯುವವರು ಯಾರು?

ಮಂಡ್ಯದಲ್ಲಿ 'ಐದು ರೂಪಾಯಿ ಡಾಕ್ಟ್ರು' ಎಂದೇ ಹೆಸರಾದ ಡಾ. ಶಂಕರೇಗೌಡರ ಮುಂದೆ ಜನ ಮುಗಿಬಿದ್ದು ನಿಂತದ್ದನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ನಂಬಿಕೆಯ ಡಾಕ್ಟರು, ಕೈಗೆಟುಕುವ ದರ ಸಿಕ್ಕಿದರೆ ಜನ ಎಷ್ಟು ಹೊತ್ತಾದರೂ ಕಾಯುತ್ತಾರೆ. ಆದರೆ ಒಬ್ಬ ಪುಣ್ಯಾತ್ಮರ ಹೆಗಲ ಮೇಲೆ ಜಿಲ್ಲೆಯ ಆರೋಗ್ಯ ಹೊರಿಸಿ ನಾವು ಸುಮ್ಮನಿರುವುದು ಸರಿಯೆ? ಪುಣ್ಯಾತ್ಮರು ಹಳ್ಳಿಗೊಬ್ಬರು ಹುಟ್ಟುವುದಿಲ್ಲ. ಸಂಘ ಮಾತ್ರ ಹಳ್ಳಿಗೊಂದಿದೆ.

ನಮ್ಮೂರಲ್ಲಿ ನೋಡಿದ್ದು

ಇದನ್ನೆಲ್ಲ ಬರೀ ಬಾಯಿ ಮಾತಿನಲ್ಲಿ ಹೇಳುತ್ತಿಲ್ಲ. ನಮ್ಮೂರ ಡೈರಿಯ ಜಗುಲಿಯಲ್ಲಿ ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ಸಿಸ್ಟರು ಕೆಲವು ವಾರ ಬೆಳಗ್ಗೆ ಹಾಲು ಹಾಕುವ ವೇಳೆಗೆ ಬಂದು ಕೂತರು. ಒಂದು ಮೇಜು, ಎರಡು ಕುರ್ಚಿ, ಒಂದು ಬಿಪಿ ಮಿಷನ್ನು. ಮೊದಲ ದಿನ ಯಾರೂ ಹತ್ತಿರ ಸುಳಿಯಲಿಲ್ಲ. ಸಂಘದ ಹಿರಿಯ ನಿರ್ದೇಶಕರು ತಾವೇ ಕೈ ನೀಡಿ ಕೂತ ಮೇಲೆ ಒಬ್ಬೊಬ್ಬರೇ ಬಂದರು. 'ಏನಕ್ಕ, ನಂಗೂ ಒಸಿ ನೋಡಿ' ಅಂತ ಹೆಂಗಸರು ಕ್ಯಾನು ಕೆಳಗಿಟ್ಟು ಸಾಲು ನಿಂತರು.

ತಮಗೆ ಬಿಪಿ ಇದೆ ಎಂದು ಅವತ್ತೇ ಮೊದಲು ತಿಳಿದವರಿದ್ದರು. ಗಟ್ಟಿಮುಟ್ಟಾಗಿ ಕಬ್ಬಿನ ಹೊರೆ ಹೊರುವವರೂ ಅವರಲ್ಲಿದ್ದರು. ಮೇಲಿನದು 140, ಕೆಳಗಿನದು 90 ದಾಟಿದರೆ ಮತ್ತೊಂದು ದಿನ ನೋಡಿ, ಆಗಲೂ ಹಾಗೇ ಇದ್ದರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದರು. ಡಾಕ್ಟರು ಬರೆದುಕೊಟ್ಟರು, ಮಾತ್ರೆ ಬಂತು, ಜನ ನುಂಗಿದರು.

ಕೆಟ್ಟದ್ದು ಎಲ್ಲಿ ಗೊತ್ತೆ? ಎರಡನೇ ತಿಂಗಳಲ್ಲಿ ಮಾತ್ರೆ ದಾಸ್ತಾನು ಮುಗಿಯಿತು. 'ಇಂಡೆಂಟು ಹಾಕಿದೀವಿ, ಬರುತ್ತೆ' ಎಂದರು. ಬರುವ ಹೊತ್ತಿಗೆ ಅರ್ಧ ಜನ ಬಿಟ್ಟಿದ್ದರು. ಕೆಲವರು 'ತಲೆನೋವಿಲ್ಲ, ವಾಸಿಯಾಗಿದೆ' ಎಂದುಕೊಂಡರು. ಅಷ್ಟರಲ್ಲಿ ಸಿಸ್ಟರಿಗೆ ಬೇರೆ ಕಡೆ ಹೆಚ್ಚುವರಿ ಕೆಲಸ ಬಿತ್ತು. ಮೇಜು ಒಳಗೆ ಹೋಯಿತು.

ಜನ ಬರುವುದಿಲ್ಲ ಎಂಬ ಮಾತು ಸುಳ್ಳು ಎಂದು ಇದರಿಂದ ತಿಳಿಯಿತು. ಜನ ಬರುತ್ತಾರೆ, ಅವರ ದಾರಿಯಲ್ಲಿ ಕೂತರೆ. ಬಿದ್ದುಹೋಗುವುದು ಸರಪಳಿಯ ಮುಂದಿನ ಕೊಂಡಿ. ಮಾತ್ರೆ ತಪ್ಪದೆ ಬರಬೇಕು, ಬಿಟ್ಟವರನ್ನು ಕರೆದು ಕೇಳುವವರು ಬೇಕು. ಹಾಲಿನ ಲಾರಿ ಒಂದು ದಿನ ಬರದಿದ್ದರೆ ಸಂಘದವರು ಸುಮ್ಮನಿರುತ್ತಾರೆಯೆ? ಒಕ್ಕೂಟಕ್ಕೆ ಹತ್ತು ಫೋನು ಹೋಗುತ್ತದೆ. ಮಾತ್ರೆ ಬರದಿದ್ದಾಗ ಒಂದು ಫೋನೂ ಹೋಗಲಿಲ್ಲ, ಯಾಕೆಂದರೆ ಅದು ಯಾರ ಲೆಕ್ಕದಲ್ಲೂ ಇರಲಿಲ್ಲ.

2024ರ ಅಕ್ಟೋಬರಿನಲ್ಲಿ ಸರಕಾರ ಕೋಲಾರ ಜಿಲ್ಲೆಯಲ್ಲಿ 'ಗೃಹ ಆರೋಗ್ಯ' ಎಂದು ಮನೆ ಮನೆಗೆ ಹೋಗಿ ಬಿಪಿ, ಸಕ್ಕರೆ ನೋಡುವ ಯೋಜನೆ ಸುರುಮಾಡಿತು. ದಾರಿ ಸರಿಯಾಗಿದೆ. ಆದರೆ ಮನೆಗೆ ಬಂದವರಿಗೆ ಹಗಲು ಹೊತ್ತು ಸಿಗುವುದು ಮುದುಕರು ಮಕ್ಕಳು ಮಾತ್ರ. ದುಡಿಯುವವರು ಸಿಗುವುದು ಡೈರಿಯಲ್ಲಿ. ಎರಡನ್ನೂ ಜೋಡಿಸಿದರೆ ಸರಕಾರಕ್ಕೂ ಶ್ರಮ ಕಡಿಮೆ.

ಆಕ್ಷೇಪಗಳಿಗೆ ಉತ್ತರ

ಈ ಮಾತು ಎತ್ತಿದಾಗಲೆಲ್ಲ ಕೆಲವು ಆಕ್ಷೇಪ ಬರುತ್ತವೆ. ಅವುಗಳಲ್ಲಿ ಹುರುಳಿಲ್ಲದೆ ಇಲ್ಲ.

ಮೊದಲನೆಯದು, 'ಹಸು ಇಲ್ಲದವರ ಗತಿ?' ಇದು ಬಲವಾದ ಪ್ರಶ್ನೆ. ಕೂಲಿಗೆ ಹೋಗುವ, ಹಸುವೂ ಇಲ್ಲದ ಮನೆಗಳೇ ಊರಿನಲ್ಲಿ ಹೆಚ್ಚು ಬಡವು. ಸಂಘದ ಮೇಜು ಸದಸ್ಯರಿಗೆ ಮಾತ್ರ ಎಂದಾದರೆ ಅದು ಅನ್ಯಾಯ. ಆದ್ದರಿಂದ ಮೇಜು ಇಡೀ ಊರಿಗೆ ಎಂದು ಮೊದಲೇ ಠರಾವಾಗಬೇಕು. ವಾರದಲ್ಲಿ ಒಂದು ಸಂಜೆ ಕೇರಿಯ ಅಂಗನವಾಡಿಯಲ್ಲೂ ಕೂರಬೇಕು.

ಎರಡನೆಯದು, 'ಡೈರಿಯಲ್ಲಿ ರಾಜಕೀಯ.' ಇದೆ. ಚುನಾವಣೆ ಬಂದರೆ ಅಣ್ಣ ತಮ್ಮಂದಿರೇ ಮಾತು ಬಿಡುತ್ತಾರೆ. ಆದರೆ ಆ ಜಗಳದ ನಡುವೆಯೂ ಬೆಳಗ್ಗೆ ಎರಡೂ ಪಾರ್ಟಿಯ ಹಾಲು ಒಂದೇ ಕ್ಯಾನಿಗೆ ಬೀಳುತ್ತದೆ. ಬಿಪಿ ನೋಡುವುದಕ್ಕೂ ಅಷ್ಟು ಸಾಕು.

ಮೂರನೆಯದು, 'ನನ್ನ ಕಾಯಿಲೆ ಊರಿಗೆಲ್ಲ ಗೊತ್ತಾಗುತ್ತದೆ.' ಹೆಣ್ಣುಮಕ್ಕಳಿಗೆ ಇದು ನಿಜವಾದ ಕಷ್ಟ. ನೋಡಿದ ಸಂಖ್ಯೆಯನ್ನು ಕೂಗಿ ಹೇಳಬಾರದು. ಪ್ರತಿಯೊಬ್ಬರಿಗೂ ಹಾಲಿನ ಪುಸ್ತಕದಂತೆ ಒಂದು ಸಣ್ಣ ಪುಸ್ತಕ ಕೊಟ್ಟು ಅದರಲ್ಲಿ ಬರೆಯಬೇಕು. ಇನ್ನೊಂದು ಪ್ರತಿ ಸಿಸ್ಟರ ಹತ್ತಿರ, ಕಾರ್ಯದರ್ಶಿಯ ಹತ್ತಿರ ಅಲ್ಲ.

ನಾಲ್ಕನೆಯದು, 'ಇದು ಆರೋಗ್ಯ ಇಲಾಖೆ ಕೆಲಸ, ನಮಗ್ಯಾಕೆ?' ಈ 'ನಮಗ್ಯಾಕೆ' ನಮಗೆ ಎಷ್ಟು ದುಬಾರಿಯಾಗಿದೆ ಎಂದು ಮಂಡ್ಯದವರು ಮರೆಯಬಾರದು. 2023ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಭ್ರೂಣಹತ್ಯೆ ಪ್ರಕರಣದಲ್ಲಿ ಹೆಣ್ಣೋ ಗಂಡೋ ನೋಡುವ ಸ್ಕ್ಯಾನಿಂಗು ನಡೆಯುತ್ತಿದ್ದದ್ದು ಎಲ್ಲಿ? ಮಂಡ್ಯದ ಬಳಿಯ ಒಂದು ಆಲೆಮನೆಯಲ್ಲಿ. ಬೆಲ್ಲ ಬೇಯಿಸುವ ಜಾಗಕ್ಕೆ ಸ್ಕ್ಯಾನಿಂಗ್ ಮಿಷನ್ನು ಬಂತು, ಕಾರುಗಳು ಬಂದು ಹೋದವು. ಇದನ್ನು ತಡೆಯುವ ಕಾನೂನು 1994ರಿಂದ ಇದೆ. ಇಲಾಖೆಗೆ ಕಾಣಲಿಲ್ಲ ಎನ್ನೋಣ, ಊರಿಗೆ? ಊರಿನ ಕಣ್ಣು ಆರೋಗ್ಯದ ಕಡೆ ತಿರುಗದಿದ್ದರೆ ಏನಾಗುತ್ತದೆ ಎನ್ನಲು ಇದು ಸಾಕು.

ಖರ್ಚು ಎಷ್ಟು?

ಹಸು ಸಾಕುವವರು ಖರ್ಚು ಕೇಳದೆ ಒಪ್ಪುವುದಿಲ್ಲ. ದಿನಕ್ಕೆ 500 ಲೀಟರು ಬರುವ ಸಂಘ ಇದೆ ಎಂದಿಟ್ಟುಕೊಳ್ಳಿ. ಲೀಟರಿಗೆ 10 ಪೈಸೆ ತೆಗೆದಿಟ್ಟರೆ ದಿನಕ್ಕೆ 50 ರೂಪಾಯಿ, ವರ್ಷಕ್ಕೆ 18,250 ರೂಪಾಯಿ. ದಿನಕ್ಕೆ 8 ಲೀಟರು ಹಾಕುವ ಮನೆಗೆ ಬೀಳುವ ಹೊರೆ 80 ಪೈಸೆ, ವರ್ಷಕ್ಕೆ 292 ರೂಪಾಯಿ. ಒಂದು ಮೂಟೆ ಫೀಡಿಗೂ ಸಾಲದ ದುಡ್ಡು.

ಇದಕ್ಕೆ ಇನ್ನೊಂದು ಸೇರಿಸಿ. ಪ್ರತಿ ಕಂದಾಯ ಗ್ರಾಮಕ್ಕೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂದೊಂದಿದೆ. ಅದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿಯ ಅವಕಾಶವಿದೆ. ನಿಮ್ಮೂರ ಸಮಿತಿಯ ಸದಸ್ಯರು ಯಾರು? ದುಡ್ಡು ಬಂತೆ, ಏತಕ್ಕೆ ಖರ್ಚಾಯಿತು? ಒಂದು ಸಲ ಕೇಳಿ ನೋಡಿ. ಕೇಳಿದರೇ ಅರ್ಧ ಕೆಲಸ ಆಗುತ್ತದೆ.

ಹೀಗೆ ಸುರುಮಾಡಬಹುದು

ಒಂದು. ವಾರದಲ್ಲಿ ಗೊತ್ತಾದ ಒಂದು ದಿನ, ಹಾಲು ಹಾಕುವ ವೇಳೆಗೆ, ಡೈರಿ ಜಗುಲಿಯಲ್ಲಿ ಬಿಪಿ ನೋಡುವುದು. ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆ. ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆಯಾದರೂ ಕೈ ನೀಡಬೇಕು. ಕ್ಯಾನು ಹೊತ್ತು ಬಂದವರನ್ನು ಐದು ನಿಮಿಷ ಕೂರಿಸಿ ನೋಡಬೇಕು. ಅರ್ಧ ಗಂಟೆ ಹಿಂದೆ ಟೀ ಕುಡಿದಿರಬಾರದು, ಬೀಡಿ ಸೇದಿರಬಾರದು. ಇಲ್ಲದಿದ್ದರೆ ಸಂಖ್ಯೆ ಸುಳ್ಳಾಗುತ್ತದೆ.

ಎರಡು. ಮದ್ದು ಕೊಡುವುದು ಡೈರಿಯ ಕೆಲಸವಲ್ಲ, ಕೊಡಲೂಬಾರದು. ಡಾಕ್ಟರು ನೋಡಬೇಕು, ಚೀಟಿ ಬರೆಯಬೇಕು. ಚೀಟಿ ಇದ್ದವರ ಮಾತ್ರೆ ತಿಂಗಳು ತಿಂಗಳು ತಪ್ಪದೆ ಊರಿಗೆ ಬರುವ ಹಾಗೆ ನೋಡುವುದು ಸಂಘದ ಕೆಲಸ. ಸರಕಾರಿ ದಾಸ್ತಾನು ಮುಗಿದ ತಿಂಗಳು 10 ಪೈಸೆಯ ನಿಧಿಯಿಂದ ಜನೌಷಧಿಯಲ್ಲಿ ತರಿಸುವುದು.

ಮೂರು. ಹಾಲಿನ ದರ ಬರೆಯುವ ಬೋರ್ಡಿನ ಕೆಳಗೆ ಎರಡು ಸಾಲು ಸೇರಿಸಿ: ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಾವಿನ ವಿಷಕ್ಕೆ ಔಷಧಿ ಇದೆಯೆ, ಇಲ್ಲವೆ. ರಾತ್ರಿ ಅಲ್ಲಿ ಯಾರಿರುತ್ತಾರೆ. ಕಬ್ಬಿನ ತರಗು ಸುಲಿಯುವವರಿಗೆ, ರಾತ್ರಿ ಕರೆಂಟಿಗೆ ನೀರು ಹಾಯಿಸುವವರಿಗೆ ಕೊಳಕುಮಂಡಲದ ಭಯ ಇದ್ದೇ ಇದೆ. ಕರ್ನಾಟಕ ಸರಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕಡಿದಾಗ ಹಗ್ಗ ಬಿಗಿಯುವುದು, ಕುಯ್ಯುವುದು, ನಾಟಿಮದ್ದಿನವರ ಮನೆಗೆ ಅಲೆಯುವುದು ಬಿಟ್ಟು ಔಷಧಿ ಇರುವ ಜಾಗಕ್ಕೆ ನೇರ ಹೋಗಬೇಕು. ಅದಕ್ಕೆ ಔಷಧಿ ಎಲ್ಲಿದೆ ಎಂದು ಮೊದಲೇ ತಿಳಿದಿರಬೇಕು. ಕೈಕಾಲು ಬಿದ್ದುಹೋದ, ಬಾಯಿ ಸೊಟ್ಟಗಾದ ರೋಗಿಗೂ ಇದೇ ಮಾತು. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಅದನ್ನು ಕರಗಿಸುವ ಮದ್ದು ಕೆಲಸ ಮಾಡುವುದು ಸುಮಾರು ನಾಲ್ಕೂವರೆ ಗಂಟೆಯೊಳಗೆ. ಬೆಳಗಾಗಲಿ ಎಂದು ಕಾದರೆ ಕೈ ಹೋಯಿತು.

ನಾಲ್ಕು. ಆರು ತಿಂಗಳಿಗೊಮ್ಮೆ ಲೆಕ್ಕ. ಎಷ್ಟು ಜನರಿಗೆ ನೋಡಿದ್ದು, ಎಷ್ಟು ಜನ ಮಾತ್ರೆಯಲ್ಲಿದ್ದಾರೆ, ಎಷ್ಟು ಜನ ಬಿಟ್ಟರು. ಹೆಸರು ಬೇಡ, ಸಂಖ್ಯೆ ಸಾಕು. 'ಕ್ಯಾಂಪು ಮಾಡಿದೆವು, ಇಷ್ಟು ಜನ ಬಂದರು' ಎಂದು ಫೋಟೋ ಹಾಕಿಸುವುದನ್ನು ನಾನು ಆರೋಗ್ಯದ ಕೆಲಸ ಎನ್ನುವುದಿಲ್ಲ. ಬಂದವರಲ್ಲಿ ವರ್ಷದ ಮೇಲೆ ಎಷ್ಟು ಜನರ ಬಿಪಿ ಹತೋಟಿಯಲ್ಲಿದೆ ಎಂಬುದೊಂದೇ ಲೆಕ್ಕ. ಎಷ್ಟು ಹಸುವಿಗೆ ಸೂಜಿ ಹಾಕಿದರು ಎಂದು ನಾವು ಕೇಳುವುದಿಲ್ಲವಲ್ಲ, ಎಷ್ಟು ಗಬ್ಬ ನಿಂತವು ಎಂದೇ ಕೇಳುವುದು.

ಇಷ್ಟಕ್ಕೆ ಮೇಲಿನ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಸಂಘದ ವಾರ್ಷಿಕ ಮಹಾಸಭೆಯಲ್ಲಿ ಬೋನಸ್ಸಿನ ಮಾತು ಮುಗಿದ ಮೇಲೆ ಎದ್ದು ನಿಂತು ಒಂದು ಠರಾವು ಮಂಡಿಸಿದರೆ ಆಯಿತು. ಬೈಲಾದಲ್ಲಿ ಅವಕಾಶವಿಲ್ಲ ಎಂದು ಕಾರ್ಯದರ್ಶಿ ಹೇಳಬಹುದು. ಸದಸ್ಯರು ಮನಸ್ಸು ಮಾಡಿದರೆ ಬೈಲಾ ತಿದ್ದುವುದೂ ಮಹಾಸಭೆಯ ಕೆಲಸವೇ. ಒಕ್ಕೂಟದವರು ನಾಲ್ಕು ಸಂಘದಲ್ಲಿ ಪ್ರಯೋಗಕ್ಕೆ ಒಪ್ಪಿದರೂ ಸಾಕು. ಮಂಡ್ಯದಲ್ಲೊಂದು, ಮದ್ದೂರಿನಲ್ಲೊಂದು, ಮಳವಳ್ಳಿಯಲ್ಲಿ ಎರಡು, ಅದರಲ್ಲಿ ಒಂದು ನಾಲೆ ನೀರಿಲ್ಲದ ಒಣ ಹೋಬಳಿಯದು.

ಬೇರೆ ಜಿಲ್ಲೆಯ ಓದುಗರಿಗೆ ಹಾಲಿನ ಸಂಘದ ಬದಲು ಅಡಿಕೆ ಮಾರಾಟ ಸಂಘವೋ ವ್ಯವಸಾಯ ಸಹಕಾರ ಬ್ಯಾಂಕೋ ಇರಬಹುದು. ಜನ ತಾವಾಗಿ ಸೇರುವ ಜಾಗ ಯಾವುದು ಎಂದು ನೋಡಿಕೊಳ್ಳಿ, ಮೇಜು ಅಲ್ಲಿ ಹಾಕಿ. ಎಲ್ಲಾದರೂ ಆಗಲೇ ಇಂಥದು ನಡೆಯುತ್ತಿದ್ದರೆ, ನಡೆದು ನಿಂತುಹೋಗಿದ್ದರೂ ಸರಿ, ಯಾಕೆ ನಿಂತಿತು ಎಂದು ನಾಲ್ಕು ಸಾಲು ಪತ್ರಿಕೆಗೆ ಬರೆಯಿರಿ. ನಮ್ಮ ಮುಂದಿನ ಮಹಾಸಭೆಗೆ ಆ ಪುಟವನ್ನೇ ಹಿಡಿದುಕೊಂಡು ಹೋಗುತ್ತೇನೆ.